ಓವನ್ ಸರಿದರೆ ತಂತಿಯೂ ಸರಿಯುವುದೇ?

ನಮ್ಮ ಹಿರಿಯರ ಅಡಿಗೆಮನೆಯಲ್ಲಿ ಒಲೆಯ ಸ್ಥಾನವು ಮನೆ ಕಟ್ಟಿದಂದೇ ನಿಶ್ಚಿತವಾಗುತ್ತಿತ್ತು. ಮಣ್ಣಿನಿಂದ ಹಾಕಿದ ಒಲೆ, ಅದರ ನೇರಕ್ಕೆ ಮೇಲೆ ಹೊಗೆ ಹೋಗುವ ಗವಾಕ್ಷಿ, ಪಕ್ಕದಲ್ಲಿ ಸೌದೆಯನ್ನು ಒಟ್ಟುವ ಜಾಗ, ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿರುತ್ತಿದ್ದುವು. ಒಲೆಯನ್ನು ಸರಿಸಬೇಕಾದರೆ ಗವಾಕ್ಷಿಯನ್ನೂ ಸರಿಸಬೇಕೆಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ; ಹೊಗೆಯೇ ಆ ಪಾಠವನ್ನು ಕಲಿಸುತ್ತಿತ್ತು. ಇಂದಿನ ಅಡಿಗೆಮನೆಗೆ ವಿದ್ಯುತ್ತಿನ ಓವನ್ ಬಂದಿದೆ. ವಿದ್ಯುತ್ತಿಗೆ ಹೊಗೆಯಿಲ್ಲ, ಮಸಿಯಿಲ್ಲ. ಅದು ತಪ್ಪನ್ನು ಒಡನೆಯೇ ತೋರಿಸಿಕೊಡುವುದಿಲ್ಲ. ಎಲ್ಲಿಯಾದರೂ ಹೊಗೆ ಕಾಣಿಸಿಕೊಂಡಿತೆಂದರೆ ಆಗ ಪಾಠ ಕಲಿಯಲು ಸಮಯ ಉಳಿದಿರುವುದಿಲ್ಲ.

ಈಚೆಗೆ ಪಟ್ಟಣಗಳಲ್ಲಿ ಹಳೆಯ ಅಡಿಗೆಮನೆಯನ್ನು ಒಡೆದು ಹೊಸದಾಗಿ ರೂಪಿಸುವುದು ಸಾಮಾನ್ಯವಾಗಿದೆ. ಕಟ್ಟೆಗೆ ಯಾವ ಬಣ್ಣದ ಗ್ರಾನೈಟು, ಗೋಡೆಗೆ ಎಂತಹ ಟೈಲು, ಕಪಾಟಿನ ಬಾಗಿಲಿಗೆ ಯಾವ ಹಿಡಿ ಎಂಬುದನ್ನು ಕುರಿತು ಮನೆಮಂದಿಯೆಲ್ಲರೂ ವಾರಗಟ್ಟಲೆ ಚರ್ಚಿಸುತ್ತಾರೆ. ಒಲೆ ಆಗ್ನೇಯ ಮೂಲೆಯಲ್ಲಿರಬೇಕೇ ಬೇಡವೇ ಎಂಬ ಪ್ರಶ್ನೆಯೂ ಬರುತ್ತದೆ. ಆ ವಾದಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ಆದರೆ ಓವನ್ ಈ ಗೋಡೆಯಿಂದ ಆ ಗೋಡೆಗೆ ಹೋಗುವುದೆಂದು ನಿಶ್ಚಯವಾದ ಮೇಲೆ, ಅದಕ್ಕೆ ಬೇಕಾದ ವಿದ್ಯುತ್ತು ಅಲ್ಲಿಗೆ ಯಾವ ದಾರಿಯಿಂದ, ಎಷ್ಟು ದಪ್ಪದ ತಂತಿಯಲ್ಲಿ ಹೋಗುವುದೆಂದು ಕೇಳುವವರು ವಿರಳ. “ಹಳೆಯ ತಂತಿ ಇದೆಯಲ್ಲ, ಅದಕ್ಕೇ ಇನ್ನೈದು ಮೀಟರ್ ಸೇರಿಸಿಬಿಡಿ” ಎಂಬ ಒಂದು ಮಾತಿನಲ್ಲಿ ಆ ವಿಷಯ ಮುಗಿದುಹೋಗುತ್ತದೆ. ಈ ಒಂದು ಮಾತನ್ನು ನಾವು ವಿರೋಧಿಸುತ್ತೇವೆ. ಓವನ್ನನ್ನು ಸರಿಸುವುದೆಂದರೆ ಒಂದು ಪೆಟ್ಟಿಗೆಯನ್ನು ಸರಿಸುವುದಲ್ಲ, ಒಂದು ದೊಡ್ಡ ಹೊರೆಯನ್ನು ಸರಿಸುವುದು. ಆ ಹೊರೆಗೆ ವಿತರಣಾ ಪೆಟ್ಟಿಗೆಯಿಂದ ಹೊರಟ, ನಡುವೆ ಎಲ್ಲಿಯೂ ಗಂಟಿಲ್ಲದ, ತಕ್ಕ ದಪ್ಪದ ಹೊಸ ತಂತಿಯನ್ನೇ ಎಳೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ವಾಚಕರ ಮುಂದೆ ಇಡುತ್ತೇವೆ.

ನಮ್ಮ ನಾಡಿಗೆ ವಿದ್ಯುತ್ತು ಬಂದ ಬಗೆಯನ್ನು ಮೊದಲು ನೆನೆಯಬಹುದು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಮನೆಗಳೊಳಕ್ಕೂ ವಿದ್ಯುತ್ತು ಮೊದಲು ಕಾಲಿಟ್ಟದ್ದು ಬೆಳಕಿನ ರೂಪದಲ್ಲಿಯೇ. ಆದುದರಿಂದ ಹಳೆಯ ಮನೆಗಳ ತಂತಿಗಳನ್ನು ದೀಪ, ಪಂಖ, ರೇಡಿಯೋಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದರು. 60 ವಾಟಿನ ಒಂದು ದೀಪವು 230 ವೋಲ್ಟ್ ವಿಭವಾಂತರದಲ್ಲಿ ಸೆಳೆದುಕೊಳ್ಳುವ ಪ್ರವಾಹ ಸುಮಾರು 0.26 ಆಂಪೇರ್ ಮಾತ್ರ. ಗೋಡೆಯೊಳಗೆ ಕೂರಿಸುವ ಇಂದಿನ ಒಂದು ಓವನ್ ಸುಮಾರು 3000 ವಾಟಿನದೆಂದು ಇಟ್ಟುಕೊಳ್ಳೋಣ. 3000ವನ್ನು 230ರಿಂದ ಭಾಗಿಸಿದರೆ 13 ಆಂಪೇರ್ ಆಗುತ್ತದೆ. ಎಂದರೆ, 60 ವಾಟಿನ 50 ದೀಪಗಳನ್ನು ಒಂದೇ ಸಲಕ್ಕೆ ಹೊತ್ತಿಸಿದಂತಾಯಿತು! ಮದುವೆಮನೆಯ ಚಪ್ಪರಕ್ಕೆ ಸಾಲುವಷ್ಟು ದೀಪಗಳ ಹೊರೆಯನ್ನು ಒಂದೇ ಪೆಟ್ಟಿಗೆ ಹೊತ್ತುಕೊಂಡಿರುತ್ತದೆ. ಅದೂ ಒಂದೆರಡು ನಿಮಿಷವಲ್ಲ, ಒಂದು ಗಂಟೆ, ಎರಡು ಗಂಟೆ.

ಇದು ವಿದ್ಯಾರ್ಥಿಗಳಿಗೆ ಹೊಸ ವಿಷಯವೇನೂ ಅಲ್ಲ. ಹತ್ತನೆಯ ತರಗತಿಯ ಎನ್.ಸಿ.ಇ.ಆರ್.ಟಿ. ವಿಜ್ಞಾನ ಪುಸ್ತಕದಲ್ಲಿ, 2 ಕಿಲೋವಾಟಿನ ಓವನ್ನನ್ನು 5 ಆಂಪೇರ್ ಪ್ರಮಾಣದ ಗೃಹಮಂಡಲಕ್ಕೆ ಸೇರಿಸಿದರೆ ಏನಾಗುವುದೆಂಬ ಪ್ರಶ್ನೆಯೊಂದು ಬಂದಿದೆ. ಪ್ರವಾಹವು 9 ಆಂಪೇರನ್ನು ದಾಟುವುದೆಂದೂ ಆ ಮಂಡಲಕ್ಕೆ ಅದು ಅತಿಹೊರೆಯೆಂದೂ ಉತ್ತರ ಬರೆದು ಸಾವಿರಾರು ಮಂದಿ ಉತ್ತೀರ್ಣರಾಗುತ್ತಾರೆ. ಆದರೆ ಅದೇ ವಿದ್ಯಾರ್ಥಿಯ ಮನೆಯಲ್ಲಿ ಅದೇ ಓವನ್ ಬೇರೆ ಗೋಡೆಗೆ ಹೋಗುವಾಗ ಆ ಪ್ರಶ್ನೆ ಯಾರಿಗೂ ನೆನಪಾಗುವುದಿಲ್ಲ. ವಿಜ್ಞಾನವು ಪರೀಕ್ಷೆಯ ಕೊಠಡಿಯಿಂದ ಅಡಿಗೆಮನೆಯವರೆಗೆ ನಡೆದುಬರಲಾರದೆ ಹೋದರೆ ಅದನ್ನು ಕಲಿತು ಪ್ರಯೋಜನವೇನು?

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ವಿತರಣಾ ಪೆಟ್ಟಿಗೆಯಿಂದ ಓವನ್ನಿನ ಹಳೆಯ ಸ್ಥಾನಕ್ಕೆ 10 ಮೀಟರ್ ದೂರ. ಅಷ್ಟು ದೂರಕ್ಕೂ ಗೋಡೆಯೊಳಗಿನ ಕೊಳವೆಯಲ್ಲಿ 1.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಇದೆ. ಅಲ್ಲಿ ಹಿಂದೆ ಇದ್ದದ್ದು ಸುಮಾರು 1200 ವಾಟಿನ ಸಣ್ಣ ಮೇಜಿನ ಓವನ್. ಅದಕ್ಕೆ ಈ ತಂತಿ ಸಾಕಾಗಿತ್ತು. ಈಗ 3000 ವಾಟಿನ ಹೊಸ ಓವನ್ ಎದುರುಗೋಡೆಗೆ ಬರುತ್ತದೆ. ಕೆಲಸದವರು ಒಳ್ಳೆಯ ಮನಸ್ಸಿನಿಂದಲೇ 4 ಚದರ ಮಿಲಿಮೀಟರಿನ, ಅವರ ಮಾತಿನಲ್ಲಿ ‘ನಾಲ್ಕು ಸ್ಕ್ವೇರ್’ ತಂತಿಯನ್ನು ತಂದು, ಹಳೆಯ ತಂತಿಯ ತುದಿಗೆ ಸೇರಿಸಿ, ಐದು ಮೀಟರ್ ಮುಂದಕ್ಕೆ ಎಳೆಯುತ್ತಾರೆ. ಮನೆಯವರು ಕಣ್ಣಿಗೆ ಕಾಣುವ ದಪ್ಪ ತಂತಿಯನ್ನು ನೋಡಿ ಸಂತೋಷಪಡುತ್ತಾರೆ. ಕಾಣದ ಹತ್ತು ಮೀಟರ್ ಮಾತ್ರ ಹಿಂದಿನಂತೆಯೇ ಉಳಿಯುತ್ತದೆ.

ಪ್ರವಾಹವು ದಪ್ಪ ತಂತಿಯಲ್ಲಿಯೂ ತೆಳು ತಂತಿಯಲ್ಲಿಯೂ ಒಂದೇ ಆಗಿರುತ್ತದೆಂಬುದು ಸರಣಿ ಜೋಡಣೆಯ ಮೊದಲ ಪಾಠ. ಒಂದು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧವು ಸುಮಾರು 0.017 ಓಮ್. ಹೋಗುವ ತಂತಿ ಹತ್ತು ಮೀಟರ್, ಹಿಂದಿರುಗುವ ತಂತಿ ಹತ್ತು ಮೀಟರ್, ಒಟ್ಟು 20 ಮೀಟರಿಗೆ 1.5 ಚದರ ಮಿಲಿಮೀಟರಿನ ತಂತಿಯಲ್ಲಿ ರೋಧವು ಸುಮಾರು 0.23 ಓಮ್ ಆಗುತ್ತದೆ. ಜೌಲ್ ಎಂಬ ವಿಜ್ಞಾನಿಯು 1841ರಲ್ಲಿ ತೋರಿಸಿಕೊಟ್ಟಂತೆ, ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. 13ರ ವರ್ಗ 169. ಅದನ್ನು 0.23ರಿಂದ ಗುಣಿಸಿದರೆ ಸುಮಾರು 39 ವಾಟ್ ಆಯಿತು. ಇಡೀ ದೂರಕ್ಕೂ ‘ನಾಲ್ಕು ಸ್ಕ್ವೇರ್’ ತಂತಿಯೇ ಇದ್ದಿದ್ದರೆ ಆ ಹತ್ತು ಮೀಟರಿನಲ್ಲಿ ಹುಟ್ಟುತ್ತಿದ್ದ ಉಷ್ಣ ಸುಮಾರು 15 ವಾಟ್ ಮಾತ್ರ. ಹಿಂದಿನ ಸಣ್ಣ ಓವನ್ ಸೆಳೆಯುತ್ತಿದ್ದುದು ಐದೂಕಾಲು ಆಂಪೇರಿನಷ್ಟು. ಪ್ರವಾಹ ಎರಡೂವರೆ ಪಟ್ಟು ಹೆಚ್ಚಿದಾಗ ಅದೇ ತಂತಿಯಲ್ಲಿ ಉಷ್ಣವು ಆರು ಪಟ್ಟಿಗಿಂತಲೂ ಹೆಚ್ಚುತ್ತದೆ. ಈ ‘ವರ್ಗ’ವೆಂಬ ಚಿಕ್ಕ ಶಬ್ದವೇ ಇಲ್ಲಿ ಮನೆಗೆ ಹಿತವನ್ನೂ ಕೇಡನ್ನೂ ಮಾಡತಕ್ಕದ್ದು.

ತಂತಿಯ ಮೇಲಿನ ಸಾಮಾನ್ಯ ಪಿ.ವಿ.ಸಿ. ಹೊದಿಕೆಯನ್ನು, ಒಳಗಿನ ವಾಹಕದ ತಾಪವು 70 ಡಿಗ್ರಿ ಸೆಲ್ಸಿಯಸ್ ಮೀರದಿರಲಿ ಎಂಬ ಲೆಕ್ಕದಲ್ಲಿ ತಯಾರಿಸಿರುತ್ತಾರೆ. ಗೋಡೆಯೊಳಗಿನ ಕೊಳವೆಯಲ್ಲಿ ಗಾಳಿಯಾಡುವುದಿಲ್ಲ. ಅದೇ ಕೊಳವೆಯಲ್ಲಿ ಇತರ ತಂತಿಗಳೂ ಸೇರಿಕೊಂಡಿದ್ದರೆ ಅವುಗಳ ಉಷ್ಣವೂ ಕೂಡಿಕೊಳ್ಳುತ್ತದೆ. ಅಡಿಗೆಮನೆಯ ಗೋಡೆಯಾದರೋ ಬೇಸಗೆಯಲ್ಲಿ ಮೊದಲೇ ಬಿಸಿಯಾಗಿರುತ್ತದೆ. ಇಂತಹ ಸ್ಥಿತಿಯಲ್ಲಿ ವರ್ಷಗಳ ಕಾಲ ಬೆಂದ ಹೊದಿಕೆಯು ಗಡುಸಾಗಿ, ಬಿರುಕುಬಿಟ್ಟು, ಕಡೆಗೆ ತನ್ನ ಅವಾಹಕ ಗುಣವನ್ನು ಕಳೆದುಕೊಳ್ಳುತ್ತದೆ.

ಆದರೂ ಉದ್ದಕ್ಕೂ ಹರಡಿಕೊಂಡ ಈ ಉಷ್ಣಕ್ಕಿಂತ ನಾವು ಹೆಚ್ಚಾಗಿ ಅಂಜುವುದು ಒಂದು ಕಡೆ ಕೂಡಿಕೊಂಡ ಉಷ್ಣಕ್ಕೆ. ಅದು ಹುಟ್ಟುವುದು ಗಂಟಿನಲ್ಲಿ. ಎರಡು ತಂತಿಗಳ ತುದಿಯನ್ನು ಕೈಯಿಂದ ಹೊಸೆದು ಟೇಪು ಸುತ್ತಿದ ಗಂಟು ಮೊದಲ ದಿನ ಬಿಗಿಯಾಗಿಯೇ ಇರುತ್ತದೆ. ಓವನ್ನಿನೊಳಗಿನ ತಾಪನಿಯಂತ್ರಕವು ಪ್ರವಾಹವನ್ನು ಆಗಾಗ್ಗೆ ಹರಿಸುತ್ತ, ಆಗಾಗ್ಗೆ ನಿಲ್ಲಿಸುತ್ತ ಇರುವುದರಿಂದ ಆ ಗಂಟು ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಕಾದಾಗ ಹಿಗ್ಗಿ, ಆರಿದಾಗ ಕುಗ್ಗಿ ಅದು ಬರಬರುತ್ತ ಸಡಿಲವಾಗುತ್ತದೆ. ಸಡಿಲವಾದಲ್ಲಿ ಲೋಹದ ಮೇಲೆ ಆಕ್ಸೈಡಿನ ಪದರ ಕಟ್ಟಿ ರೋಧವು ಹೆಚ್ಚುತ್ತದೆ. ರೋಧ ಹೆಚ್ಚಿದಂತೆ ಉಷ್ಣ ಹೆಚ್ಚುತ್ತದೆ. ಉಷ್ಣ ಹೆಚ್ಚಿದಂತೆ ಗಂಟು ಇನ್ನೂ ಸಡಿಲವಾಗುತ್ತದೆ. ಆ ಗಂಟಿನ ರೋಧವು 0.15 ಓಮಿಗೆ ಏರಿತೆಂದು ಭಾವಿಸಿರಿ. 169ನ್ನು 0.15ರಿಂದ ಗುಣಿಸಿದರೆ 25 ವಾಟ್. ರೇಡಿಯೋ ರಿಪೇರಿಯವರು ಸೀಸವನ್ನು ಕರಗಿಸಲು ಉಪಯೋಗಿಸುವ ಬೆಸುಗೆಯ ಕಡ್ಡಿಯೂ ಸಾಮಾನ್ಯವಾಗಿ 25 ವಾಟಿನದೇ. ಉಗುರಿನಷ್ಟು ಜಾಗದಲ್ಲಿ, ಟೈಲಿನ ಹಿಂದೆ, ಮರದ ಕಪಾಟಿನ ಬೆನ್ನಿಗೆ, ಹೊತ್ತಿಸಿ ಮರೆತುಬಿಟ್ಟ ಬೆಸುಗೆಯ ಕಡ್ಡಿಯೊಂದನ್ನು ಇಟ್ಟಂತಾಯಿತಲ್ಲವೇ?

“ಹಾಗೇನಾದರೂ ಆದರೆ ಎಂ.ಸಿ.ಬಿ. ಬಿದ್ದುಕೊಳ್ಳುತ್ತದಲ್ಲ” ಎಂದು ಯಾರಾದರೂ ಹೇಳಬಹುದು. ಇದು ಬಹುಜನರಲ್ಲಿರುವ ನಂಬಿಕೆ. ಆದುದರಿಂದಲೇ ಅಪಾಯಕರವಾದ ನಂಬಿಕೆ. ಎಂ.ಸಿ.ಬಿ.ಯು ಕಾಯುವುದು ಪ್ರವಾಹ ಮಿತಿ ಮೀರದಂತೆ. ಗಂಟು ಸಡಿಲವಾದಾಗ ಪ್ರವಾಹವು ಹೆಚ್ಚುವುದಿಲ್ಲ. ಮಂಡಲದ ಒಟ್ಟು ರೋಧವು ತುಸು ಏರಿರುವುದರಿಂದ ಪ್ರವಾಹವು ನೂರರಲ್ಲಿ ಒಂದು ಪಾಲಿನಷ್ಟು ಇಳಿದೇ ಇರುತ್ತದೆ. ಆರ್.ಸಿ.ಸಿ.ಬಿ. ಎಂಬ ಮತ್ತೊಂದು ಕಾವಲುಗಾರ ಉಂಟು. ಅದು ಹೋದ ಪ್ರವಾಹವನ್ನೂ ಹಿಂದಿರುಗಿದ ಪ್ರವಾಹವನ್ನೂ ತೂಗಿ ನೋಡಿ, ಎರಡಕ್ಕೂ ವ್ಯತ್ಯಾಸ ಬಂದರೆ, ಎಂದರೆ ಪ್ರವಾಹವು ಯಾರ ದೇಹದ ಮೂಲಕವೋ ಒದ್ದೆಗೋಡೆಯ ಮೂಲಕವೋ ಭೂಮಿಗೆ ಸೋರಿದರೆ, ಮಂಡಲವನ್ನು ಕಡಿಯುತ್ತದೆ. ಮನುಷ್ಯರ ರಕ್ಷಣೆಗಾಗಿ ಮನೆಗಳಲ್ಲಿ ಹಾಕತಕ್ಕದ್ದು 30 ಮಿಲಿಆಂಪೇರಿನದು. ಪ್ರಾಣ ಉಳಿಸುವ ಸಾಧನವದು. ಅದಿಲ್ಲದೆ ಅಡಿಗೆಮನೆ ಇರಕೂಡದು. ಆದರೆ ಸಡಿಲ ಗಂಟಿನಲ್ಲಿ ಹೋದಷ್ಟೂ ಪ್ರವಾಹ ಹಿಂದಿರುಗುತ್ತದೆ, ಸೋರಿಕೆಯಿಲ್ಲ. ಆದುದರಿಂದ ಅದಕ್ಕೂ ಇದು ಕಾಣುವುದಿಲ್ಲ. ಇಬ್ಬರು ಕಾವಲುಗಾರರೂ ಎಚ್ಚರವಾಗಿದ್ದು, ಇಬ್ಬರ ಕಣ್ಣಿಗೂ ಬೀಳದೆ ಗೋಡೆಯೊಳಗೆ ಬೆಂಕಿ ಹುಟ್ಟಬಹುದು. ಓವನ್ ಮಾತ್ರ ಎಂದಿನಂತೆಯೇ ಬಿಸಿಯಾಗುತ್ತಿರುತ್ತದೆ. ಎರಡು ವೋಲ್ಟ್ ಕಡಿಮೆಯಾದದ್ದನ್ನು ಅಡಿಗೆಯವರು ತಿಳಿಯುವ ಬಗೆಯಾದರೂ ಹೇಗೆ?

ಯಂತ್ರಗಳು ಕಾಣಲಾರದ ದೋಷವನ್ನು ಕೆಲಸದ ಕ್ರಮದಿಂದಲೇ ತಡೆಯಬೇಕು. ಗೋಡೆಯೊಳಗೆ ಗಂಟು ಹಾಕಬೇಡಿರಿ ಎಂದು ನಾವು ಹೇಳುವುದು ಇದಕ್ಕಾಗಿ. ಅನಿವಾರ್ಯವಾಗಿ ಜೋಡಿಸಲೇಬೇಕಾದರೆ ಆ ಜೋಡಣೆಯು ತಕ್ಕ ಸ್ಕ್ರೂಬಿಗಿಯ ಕನೆಕ್ಟರಿನಲ್ಲಿ, ಮುಚ್ಚಳ ತೆಗೆದು ನೋಡಬಹುದಾದ ಪೆಟ್ಟಿಗೆಯಲ್ಲಿರಬೇಕು. ಟೈಲಿನ ಕೆಳಗೆ ಸಮಾಧಿಯಾಗಿರಬಾರದು. ಎಲ್ಲಕ್ಕಿಂತ ಮೇಲಾದದ್ದು ವಿತರಣಾ ಪೆಟ್ಟಿಗೆಯಿಂದ ಓವನ್ನಿನ ಸಾಕೆಟ್ಟಿನವರೆಗೆ ಅಖಂಡವಾದ ಹೊಸ ತಂತಿ, ಅದಕ್ಕೆ ಪ್ರತ್ಯೇಕವಾದ ಎಂ.ಸಿ.ಬಿ. ಫ್ರಿಜ್ಜು, ಮಿಕ್ಸಿ, ಇಂಡಕ್ಷನ್ ಒಲೆಗಳನ್ನು ಅದೇ ತಂತಿಗೆ ನೇತುಹಾಕಕೂಡದು. 2000 ವಾಟಿನ ಇಂಡಕ್ಷನ್ ಒಲೆಯೊಂದು ಸೇರಿದರೂ ಪ್ರವಾಹವು 13ರಿಂದ ಸುಮಾರು 22 ಆಂಪೇರಿಗೆ ಏರುತ್ತದೆ.

ಅಳತೆಗಳಿಗೂ ಒಂದು ಶ್ರೇಣಿಯುಂಟು. ಓವನ್ ಸೆಳೆಯುವ ಪ್ರವಾಹಕ್ಕಿಂತ ಎಂ.ಸಿ.ಬಿ.ಯ ಪ್ರಮಾಣ ಹೆಚ್ಚಾಗಿರಬೇಕು; ಎಂ.ಸಿ.ಬಿ.ಯ ಪ್ರಮಾಣಕ್ಕಿಂತ ತಂತಿಯ ಸಾಮರ್ಥ್ಯ ಹೆಚ್ಚಾಗಿರಬೇಕು. ನಮ್ಮ 13 ಆಂಪೇರಿನ ಓವನ್ನಿಗೆ 16 ಆಂಪೇರಿನ ಎಂ.ಸಿ.ಬಿ., ದಪ್ಪ ಕಡ್ಡಿಗಳ 16 ಆಂಪೇರಿನ ಸಾಕೆಟ್ಟು, ‘ನಾಲ್ಕು ಸ್ಕ್ವೇರ್’ ತಾಮ್ರದ ತಂತಿ ಹೊಂದುತ್ತವೆ. ತಂತಿಗೆ ಇಷ್ಟು ಹೆಚ್ಚಳವೇಕೆಂದರೆ, ಎಂ.ಸಿ.ಬಿ.ಯು ಮಿತಿಯನ್ನು ಮುಟ್ಟಿದೊಡನೆಯೇ ಬೀಳುವ ಸಾಧನವಲ್ಲ. ಅದರ ಮಾನಕದಂತೆ, 16 ಆಂಪೇರಿನದು 18 ಆಂಪೇರನ್ನು ಒಂದು ಗಂಟೆಯವರೆಗೂ ಬಿಡಬಹುದು. 23 ಆಂಪೇರಿಗೆ ಏರಿದರೂ ಅದು ಬೀಳಲು ಒಂದು ಗಂಟೆಯ ಅವಕಾಶವಿರುತ್ತದೆ. ಅಷ್ಟು ಹೊತ್ತು ಆ ಪ್ರವಾಹವನ್ನು ತಾಳಿಕೊಳ್ಳಬೇಕಾದದ್ದು ತಂತಿ. ಈ ಶ್ರೇಣಿಯನ್ನು ತಲೆಕೆಳಗು ಮಾಡುವ ಒಂದು ದುರಭ್ಯಾಸವೂ ಇದೆ. ಎಂ.ಸಿ.ಬಿ. ಪದೇ ಪದೇ ಬೀಳುತ್ತದೆಂದು 16ರದನ್ನು ತೆಗೆದು 32ರದನ್ನು ಕೂರಿಸಿಬಿಡುವುದು! ನಾಯಿ ಬೊಗಳುತ್ತದೆಂದು ನಾಯಿಯನ್ನೇ ಓಡಿಸಿದರೆ ಕಳ್ಳನಿಗೆ ಅನುಕೂಲವಾಯಿತೇ ಹೊರತು ಮನೆಯವನಿಗಲ್ಲ. 16 ಆಂಪೇರಿನ ಪ್ಲಗ್ಗನ್ನು 6 ಆಂಪೇರಿನ ಸಣ್ಣ ಸಾಕೆಟ್ಟಿಗೆ ಹೊಂದಿಸಿಕೊಡುವ ಅಗ್ಗದ ನಡುಗಡ್ಡಿಗಳ ವಿಷಯದಲ್ಲಿಯೂ ನಮ್ಮ ಮಾತು ಇದೇ. ಎರಡಕ್ಕೂ ಬೇರೆ ಬೇರೆ ಗಾತ್ರವನ್ನು ಇಟ್ಟದ್ದೇ ಒಂದು ಇನ್ನೊಂದಕ್ಕೆ ಹೋಗಬಾರದೆಂದು.

ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕು ಇರುವುದುಂಟು. ಕೆಲವು ಮನೆಗಳ ಗೋಡೆಯಲ್ಲಿರುವುದು ತಾಮ್ರವಲ್ಲ, ಅಲ್ಯುಮಿನಿಯಂ ತಂತಿ. ಅಲ್ಯುಮಿನಿಯಮಿನ ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಕಾದಾಗ ಅದು ತಾಮ್ರಕ್ಕಿಂತ ಹೆಚ್ಚಾಗಿ ಹಿಗ್ಗುತ್ತದೆ. ತೇವ ತಗುಲಿದರೆ ಎರಡು ಲೋಹಗಳ ನಡುವೆ ರಾಸಾಯನಿಕ ಕೊರೆತವೂ ಆರಂಭವಾಗುತ್ತದೆ. ಅಂತಹ ತಂತಿಗೆ ತಾಮ್ರವನ್ನು ಹೊಸೆದು ಕಟ್ಟಿದ ಗಂಟು, ನಾವು ಮೇಲೆ ವರ್ಣಿಸಿದ ಗಂಟಿಗಿಂತಲೂ ಬೇಗ ಕೆಡುತ್ತದೆ. ಇನ್ನು, ಹೊಸ ತಂತಿಯನ್ನು ಎಳೆದ ಮೇಲೆ ಹಳೆಯದನ್ನು ಏನು ಮಾಡಬೇಕು? ಅದರ ತುದಿಗೆ ಟೇಪು ಸುತ್ತಿ ಗೋಡೆಯಲ್ಲಿ ಹುದುಗಿಸಿಬಿಡುವುದು ಸರಿಯಲ್ಲ. ವಿತರಣಾ ಪೆಟ್ಟಿಗೆಯಲ್ಲಿಯೇ ಅದನ್ನು ಬಿಚ್ಚಿ, ಸಾಧ್ಯವಾದರೆ ಕೊಳವೆಯಿಂದ ಎಳೆದು ತೆಗೆಯಬೇಕು. ಸತ್ತುಹೋಯಿತೆಂದು ಮನೆಯವರು ತಿಳಿದಿರುವ ತಂತಿಯಲ್ಲಿ ಜೀವವಿದ್ದರೆ, ಐದು ವರ್ಷಗಳ ಬಳಿಕ ಅಲ್ಲಿ ಮೊಳೆ ಹೊಡೆಯುವವನ ಕೈಗೆ ಅದು ಸಿಕ್ಕುತ್ತದೆ.

ಭೂಸಂಪರ್ಕದ ತಂತಿಯನ್ನು ನಾವು ಬೇರೆಯಾಗಿಯೇ ಹೇಳಬೇಕು. ಓವನ್ನಿನ ಹೊರಮೈ ಲೋಹದ್ದು. ಅದರ ತಾಪಕದಲ್ಲಿ ನಿಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹದ ಸುರುಳಿಯನ್ನು ಲೋಹದ ಕೊಳವೆಯೊಳಗಿಟ್ಟು, ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಗಿಡಿದು ತುಂಬಿರುತ್ತಾರೆ. ಈ ಪುಡಿಯು ಉಷ್ಣವನ್ನು ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಅಡಿಗೆಮನೆಯ ಕೆಲಸ ಎರಡು ಮೂರು ತಿಂಗಳು ನಡೆದು, ಆ ಕಾಲವೆಲ್ಲ ಓವನ್ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತು, ನಡುವೆ ಮಳೆಗಾಲವೂ ಬಂದರೆ, ಮತ್ತೆ ಹಚ್ಚಿದಾಗ ಆರ್.ಸಿ.ಸಿ.ಬಿ. ಬಿದ್ದುಹೋಗುವುದುಂಟು. ಇದು ಕಾವಲುಗಾರನ ದೋಷವಲ್ಲ. ತೇವದಿಂದ ಸೋರಿಕೆ ಆಗುತ್ತಿದೆಯೆಂಬ ನಿಜವಾದ ಸುದ್ದಿ. ಆಗ ಆರ್.ಸಿ.ಸಿ.ಬಿ.ಯನ್ನು ತಪ್ಪಿಸಿ ತಂತಿ ಕೊಡುವುದಾಗಲಿ, ಭೂಸಂಪರ್ಕವನ್ನು ಬಿಚ್ಚುವುದಾಗಲಿ ಪ್ರಾಣಾಪಾಯದ ಕೆಲಸ. ತಿಳಿದವರನ್ನು ಕರೆಸಿ ತಾಪಕದ ಅವಾಹಕತೆಯನ್ನು ಅಳೆಯಿಸಬೇಕು. ಹೊಸ ಸ್ಥಾನದ ಸಾಕೆಟ್ಟಿನಲ್ಲಿ ಮೂರನೆಯ ತೂತು ಇದ್ದ ಮಾತ್ರಕ್ಕೆ ಭೂಸಂಪರ್ಕವಿದೆಯೆಂದು ತಿಳಿಯಬಾರದು. ಆ ತೂತಿನ ಹಿಂದಿನ ಹಸಿರು ತಂತಿಯು ನಿಜವಾಗಿಯೂ ಭೂಮಿಯನ್ನು ಮುಟ್ಟಿದೆಯೇ ಎಂದು ಪರೀಕ್ಷಿಸಬೇಕು.

ಸಾಕೆಟ್ಟನ್ನು ಎಲ್ಲಿ ಇಡಬೇಕೆಂಬುದಕ್ಕೂ ವಿಜ್ಞಾನವೇ ಉತ್ತರ ಕೊಡುತ್ತದೆ. ಓವನ್ನಿನ ಬೆನ್ನ ಹಿಂದೆ ಇಟ್ಟರೆ ಅದು ಬಿಸಿಗೆ ಸಿಕ್ಕುತ್ತದೆ. ಕೆಟ್ಟಾಗ ಓವನ್ನನ್ನೇ ಹೊರಕ್ಕೆ ಎಳೆಯದೆ ಕೈಗೆ ನಿಲುಕುವುದೂ ಇಲ್ಲ. ಪಕ್ಕದ ಕಪಾಟಿನಲ್ಲಿಟ್ಟರೆ ಎರಡು ತೊಂದರೆಯೂ ತಪ್ಪುತ್ತದೆ. ಸ್ವಿಚ್ಚು ಒಲೆಯ ಮೇಲೆಯೇ ಇರಬಾರದು. ಉರಿಯ ಮೇಲೆ ಕೈ ಚಾಚಿ ಆರಿಸಬೇಕಾದ ಸ್ವಿಚ್ಚು ಆಪತ್ಕಾಲದಲ್ಲಿ ಇದ್ದೂ ಇಲ್ಲದಂತೆ. ನೀರಿನ ತೊಟ್ಟಿಯಿಂದ ದೂರವಿರಬೇಕೆಂಬುದು ಎಲ್ಲರಿಗೂ ಗೊತ್ತು. ಅಡಿಗೆ ಅನಿಲದಿಂದಲೂ ದೂರವಿರಬೇಕೆಂಬುದು ಕೆಲವರಿಗೆ ಗೊತ್ತಿಲ್ಲ. ಆ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅವುಗಳ ಅಣುತೂಕ 44 ಮತ್ತು 58. ಗಾಳಿಯದು ಸರಾಸರಿ 29. ಆದುದರಿಂದ ಸೋರಿದ ಅನಿಲವು ಮೇಲೇರದೆ ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ಸಿಲಿಂಡರಿನ ಪಕ್ಕದಲ್ಲಿ ನೆಲಕ್ಕೆ ಹತ್ತಿರವಾಗಿ ಸ್ವಿಚ್ಚನ್ನು ಇಟ್ಟರೆ ಅದರ ಒಂದು ಸಣ್ಣ ಕಿಡಿ ಸಾಕು.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಕೆಲಸದ ಕ್ರಮ. ಮೊದಲು ಓವನ್ನಿನ ಜಾಗವನ್ನು ನಿಶ್ಚಯಿಸಿ, ಅದರ ಮೈಮೇಲಿನ ಫಲಕದಲ್ಲಿ ವಾಟುಗಳನ್ನು ಓದಬೇಕು. ಅನಂತರ ತಂತಿಯ ದಾರಿಯನ್ನು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆಯೆಳೆಯಬೇಕು. ಕೊಳವೆ ಹೂತು, ತಂತಿಯೆಳೆದು, ಪರೀಕ್ಷೆ ಮುಗಿದ ಬಳಿಕವೇ ಟೈಲು, ಆಮೇಲೆ ಕಪಾಟು. ನಮ್ಮಲ್ಲಿ ಅನೇಕ ಕಡೆ ಇದು ಹಿಂದುಮುಂದಾಗುತ್ತದೆ. ಕಪಾಟು ಕೂರಿಸಿದ ಬಡಗಿ ಹೋದ ಮೇಲೆ ವೈರ್‌ಮನ್ನನ್ನು ಕರೆಯುತ್ತಾರೆ. ಹೊಸ ಟೈಲನ್ನು ಒಡೆಯಲು ಯಾರಿಗೂ ಮನಸ್ಸು ಬಾರದೆ, ಹತ್ತಿರದ ತಂತಿಗೆ ಗಂಟು ಬೀಳುತ್ತದೆ. ಕೊಳವೆಯು ಗೋಡೆಯಲ್ಲಿ ಓರೆಯಾಗಿ ಓಡದೆ, ಸಾಕೆಟ್ಟಿನ ನೇರಕ್ಕೆ ಲಂಬವಾಗಿಯೋ ಅಡ್ಡವಾಗಿಯೋ ಹೋಗಬೇಕು. ಹಾಗಾದರೆ ಮುಂದೆ ಗೋಡೆ ಕೊರೆಯುವವನು ಸಾಕೆಟ್ಟನ್ನು ನೋಡಿಯೇ ತಂತಿ ಎಲ್ಲಿರಬಹುದೆಂದು ಊಹಿಸಬಲ್ಲನು. ಗಾರೆ ಮುಚ್ಚುವ ಮೊದಲು ಪ್ರತಿಯೊಂದು ಗೋಡೆಯ ಛಾಯಾಚಿತ್ರವನ್ನು, ಪಕ್ಕದಲ್ಲಿ ಅಳತೆಪಟ್ಟಿಯನ್ನು ಹಿಡಿದು, ತೆಗೆದಿಡಬೇಕು. ಇಂದು ಪ್ರತಿ ಮನೆಯಲ್ಲಿಯೂ ಮೊಬೈಲು ಇದೆ. ಇದಕ್ಕೆ ತಗಲುವ ಖರ್ಚು ಏನೂ ಇಲ್ಲ.

ನಮ್ಮ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಮೊದಲನೆಯದು ಖರ್ಚು. ಹದಿನೈದು ಮೀಟರ್ ಹೊಸ ತಂತಿ, ಒಂದು ಎಂ.ಸಿ.ಬಿ., ಗೋಡೆ ಕೊರೆಯುವ ಕೂಲಿ, ಇವುಗಳಿಗೆ ಹಣ ಬೇಕೆಂಬುದು ನಿಜ. ಆದರೆ ಗೋಡೆಯನ್ನು ಹೇಗೂ ಒಡೆದಿರುವ ಈ ಸಮಯಕ್ಕಿಂತ ಅಗ್ಗವಾಗಿ ಆ ಕೆಲಸ ಮತ್ತೆಂದೂ ಆಗದು. ಎರಡನೆಯದು, “ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ” ಎಂಬುದು. ಇಷ್ಟು ವರ್ಷ ಆ ತಂತಿ ಹೊತ್ತದ್ದು ಸಣ್ಣ ಹೊರೆಯನ್ನು, ಅದೂ ಗಂಟಿಲ್ಲದೆ. ನಾಳೆಯಿಂದ ಅದು ಹೊರಬೇಕಾದದ್ದು ಬೇರೆ. ಮೂರನೆಯದು, “ಕೆಲಸದವರಿಗೆ ಎಲ್ಲ ಗೊತ್ತಿರುತ್ತದೆ” ಎಂಬುದು. ನುರಿತ ಕೆಲಸಗಾರರ ಮೇಲೆ ನಮಗೆ ಗೌರವವಿದೆ. ಆದರೆ ಬೇಗ ಮುಗಿಸಿರಿ, ಕಡಿಮೆಯಲ್ಲಿ ಮುಗಿಸಿರಿ ಎಂದು ಮನೆಯವರೇ ಅವಸರಪಡಿಸಿದರೆ, ಸರಿಯಾದ ಕೆಲಸವನ್ನು ಬಲ್ಲವನೂ ಅದನ್ನು ಮಾಡಲಾರನು. ತಪ್ಪು ಬಹಳ ಸಲ ಕೈಯಲ್ಲಿರುವುದಿಲ್ಲ, ಕೇಳುವ ಬಾಯಲ್ಲಿರುತ್ತದೆ.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ದೀಪ, ಸ್ವಿಚ್ಚುಗಳನ್ನು ಇದ್ದಲ್ಲಿಯೇ ಬದಲಾಯಿಸುವಂತಹ ಚಿಕ್ಕ ಕೆಲಸಗಳನ್ನು ಬಿಟ್ಟು, ಮನೆಯ ತಂತಿಗಳನ್ನು ಹೊಸದಾಗಿ ಹಾಕುವ ಅಥವಾ ಮಾರ್ಪಡಿಸುವ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ಕರ್ನಾಟಕದಲ್ಲಿ ಆ ಲೈಸೆನ್ಸನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮನೆಗೆ ಮಂಜೂರಾಗಿರುವ ಹೊರೆ ಎಷ್ಟು ಕಿಲೋವಾಟೆಂಬುದು ವಿದ್ಯುತ್ ಬಿಲ್ಲಿನಲ್ಲಿಯೇ ಇರುತ್ತದೆ. ಎರಡು ಕಿಲೋವಾಟ್ ಮಂಜೂರಾದ ಮನೆಗೆ ಮೂರು ಕಿಲೋವಾಟಿನ ಓವನ್ನನ್ನು ತಂದರೆ, ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಹೊರೆಯನ್ನು ಹೆಚ್ಚಿಸಿಕೊಳ್ಳಬೇಕಾದದ್ದು ನ್ಯಾಯ.

ವಿದ್ಯಾರ್ಥಿ ಮಿತ್ರರಿಗೆ ಕಡೆಯ ಮಾತು. ನೀವು ಸ್ಕ್ರೂಡ್ರೈವರ್ ಹಿಡಿದು ತಂತಿಗಳಿಗೆ ಕೈಹಾಕಿರೆಂದು ನಾವು ಹೇಳುವುದಿಲ್ಲ, ಹಾಕಬೇಡಿರೆಂದೇ ಹೇಳುತ್ತೇವೆ. ಆದರೆ ಒಂದು ಕಾಗದ, ಒಂದು ಸೀಸದ ಕಡ್ಡಿ ನಿಮ್ಮ ಕೈಯಲ್ಲಿವೆ. ಮನೆಯಲ್ಲಿ ಅಡಿಗೆಮನೆಯ ಮಾತು ಎದ್ದ ದಿನ, ಪ್ರತಿಯೊಂದು ಉಪಕರಣದ ಫಲಕವನ್ನು ಓದಿ, ವಾಟುಗಳನ್ನು 230ರಿಂದ ಭಾಗಿಸಿ, ಆಂಪೇರುಗಳ ಪಟ್ಟಿಯೊಂದನ್ನು ಬರೆಯಿರಿ. ಅನಂತರ ಹಿರಿಯರ ಮುಂದೆ ವಿನಯದಿಂದ ನಾಲ್ಕು ಪ್ರಶ್ನೆಗಳನ್ನು ಇಡಿರಿ: ಓವನ್ನಿಗೆ ಪ್ರತ್ಯೇಕ ತಂತಿ ಬರುತ್ತದೆಯೇ? ಆ ತಂತಿಯ ದಪ್ಪವೆಷ್ಟು, ಎಂ.ಸಿ.ಬಿ. ಎಷ್ಟು ಆಂಪೇರಿನದು? ಗೋಡೆಯೊಳಗೆ ಎಲ್ಲಿಯಾದರೂ ಗಂಟಿದೆಯೇ? ಭೂಸಂಪರ್ಕವನ್ನು ಪರೀಕ್ಷಿಸಿದ್ದಾರೆಯೇ? ಈ ನಾಲ್ಕಕ್ಕೂ ಉತ್ತರ ಸಿಕ್ಕುವವರೆಗೆ ಟೈಲು ಹಚ್ಚಗೊಡಬೇಡಿರಿ.

ಹಿಂದಿನವರು ಒಲೆಯನ್ನು ಸರಿಸುವಾಗ ಹೊಗೆ ಹೋಗುವ ದಾರಿಯನ್ನು ಮೊದಲು ನೋಡುತ್ತಿದ್ದರು. ನಾವು ವಿದ್ಯುತ್ತು ಬರುವ ದಾರಿಯನ್ನು ಮೊದಲು ನೋಡಬೇಕು. ಅವರಿಗೆ ಅದನ್ನು ಕಣ್ಣೀರು ಕಲಿಸಿತು. ನಮಗೆ ಒಂದು ಭಾಗಾಕಾರದ ಲೆಕ್ಕ ಕಲಿಸಬಲ್ಲುದು.